ಮಣಿಕಟ್ಟಿನವರೆಗೆ

ಯಮಕನಮರಡಿ
೯ ಜನವರಿ ೨೦೨೫

ಶಿವಾನಂದ ಸರ್ ಅವರಿಗೆ,

ನಿಮ್ಮ ಮೇಲ್ ವಿಳಾಸವನ್ನು ಗೋಕಾಕದ ತೌಫೀಕ ಕೊಟ್ಟ, ತೀರಿಹೋದ ಗಫಾರ ಕಾಕಾ ಅವರ ಮಗ. ಅವರ ಫೋಟೋ ಸ್ಟುಡಿಯೋ ಇದ್ದ ಜಾಗದಲ್ಲಿ ಅವನು ಈಗ ಮೊಬೈಲ್ ರಿಪೇರಿ ಮಾಡುತ್ತಾನೆ. ಹಳೆಯ ಫೋಟೋ ಕೇಳಿದೆ. ಡಿಸ್ಕುಗಳೆಲ್ಲ ಅಪ್ಪನ ಹತ್ತಿರ ಕೆಲಸಕ್ಕಿದ್ದ ಶಿವಾನಂದ ಸರ್ ಮನೆಯಲ್ಲಿವೆ, ಒಂದೊಂದು ಫೋಟೋಕ್ಕೂ ಹೆಸರು ಹಚ್ಚಿ ಹುಡುಕಲು ಬರುವಂತೆ ಮಾಡುತ್ತಿದ್ದಾರೆ, ಫೋನ್ ಎತ್ತುವುದಿಲ್ಲ, ಬರೆದರೆ ಉತ್ತರ ಕೊಡುತ್ತಾರೆ ಎಂದ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ತಸ್ಲೀಮ. ಇಲ್ಲಿ ಹೈವೇ ಪಕ್ಕದ ಔಷಧಿ ಅಂಗಡಿಯಲ್ಲಿ ಕೆಲಸ. ನನ್ನ ತಾಯಿ ಮೈನಾಬಿ ಮೂಡಲಗಿಯಲ್ಲಿದ್ದು ಮೂವತ್ತು ವರ್ಷ ಬಳೆ ತೊಡಿಸಿದವಳು. ಆ ಕಡೆಯ ಹಳ್ಳಿಗಳಲ್ಲಿ ಲಗ್ನವಿದ್ದರೆ ಮದುಮಗಳಿಗೂ ಮನೆಯ ಹೆಂಗಸರಿಗೂ ಹಸಿರು ಗಾಜಿನ ಬಳೆ ಇಡಲು ಅವಳನ್ನು ಕರೆಸುತ್ತಿದ್ದರು. ಅನೇಕ ಕಡೆ ಫೋಟೋ ತೆಗೆದವರು ಗಫಾರ ಕಾಕಾ.

ಈಗ ಅವಳ ಕೈ ನಡುಗುತ್ತದೆ. ಕಸುಬು ಬಿಟ್ಟು ನನ್ನ ಮನೆಯಲ್ಲಿದ್ದಾಳೆ. ಹಳೆಯ ಕಸುಬುದಾರರಿಗೆ ತಿಂಗಳ ಗೌರವಧನ ಕೊಡುವ ಒಂದು ಯೋಜನೆಯಿದೆ. ಮೂಡಲಗಿಯ ಕಚೇರಿಯಲ್ಲಿ ಅರ್ಜಿಯ ಜೊತೆ ಒಂದು ಫೋಟೋ ಕೇಳುತ್ತಾರೆ. ಕಸುಬು ಮಾಡುತ್ತಿದ್ದ ಕಾಲದ್ದಾಗಿರಬೇಕು, ಮುಖವೂ ಕೆಲಸವೂ ಒಂದೇ ಚಿತ್ರದಲ್ಲಿ ಕಾಣಬೇಕು. ಈಗ ಕೂರಿಸಿ ತೆಗೆದದ್ದು ನಡೆಯುವುದಿಲ್ಲ. ಮಾರ್ಚ್ ಕೊನೆಯವರೆಗೆ ಸಮಯವಿದೆ.

ಮಗಳ ಪಗಾರದಲ್ಲಿ ಉಣ್ಣಲು ಅಮ್ಮಿಗೆ ಮನಸ್ಸಿಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ, ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಾಳೆ. ತನ್ನ ದುಡಿಮೆಯ ಹೆಸರಿನಲ್ಲಿ ಏನಾದರೂ ಬಂದರೆ ಉಳಿದರ್ಧವನ್ನೂ ತಿಂದಾಳು ಎಂದು ನನ್ನ ಅಂದಾಜು.

ಅಷ್ಟು ಲಗ್ನಗಳಲ್ಲಿ ಒಂದು ಫೋಟೋ ಇರಲೇಬೇಕು. ಹುಡುಕಿ ಕೊಡುತ್ತೀರಾ?

ತಸ್ಲೀಮ


ಗೋಕಾಕ
೧೩ ಜನವರಿ ೨೦೨೫

ತಸ್ಲೀಮ ಅವರಿಗೆ,

ಮೇಲ್ ತಲುಪಿತು. ವಾಟ್ಸಾಪಿನಲ್ಲಿ ಕೇಳದೆ ಇದ್ದದ್ದು ಒಳ್ಳೆಯದಾಯಿತು. ಅದರಲ್ಲಿ ಹೋದ ಚಿತ್ರ ಸೊರಗಿಹೋಗುತ್ತದೆ.

ಮೊದಲು ನನ್ನ ಕೆಲಸದ ಸ್ಥಿತಿ ಹೇಳುತ್ತೇನೆ. ಗಫಾರರು ಪ್ರತಿ ಫೋಲ್ಡರಿಗೆ ಊರು ಮತ್ತು ಯಜಮಾನನ ಹೆಸರಿಡುತ್ತಿದ್ದರು. ಮೇಲವಂಕಿ ಸತ್ತೆಪ್ಪ ಎಂದರೆ ಸತ್ತೆಪ್ಪನ ಮಗಳ ಲಗ್ನ. ಲಗ್ನ ಮಾಡಿದವನ ಹೆಸರು ಗೊತ್ತಿದ್ದರೆ ಚಿತ್ರ ಸಿಗುತ್ತದೆ. ಉಳಿದವರೆಲ್ಲ ಆ ಹೆಸರಿನೊಳಗೆ ಕರಗಿದ್ದಾರೆ, ಮದುಮಗಳನ್ನೂ ಹಿಡಿದು. ನಾನು ಒಂದೊಂದೇ ಚಿತ್ರ ತೆರೆದು ಟ್ಯಾಗ್ ಹಚ್ಚುತ್ತಿದ್ದೇನೆ. ಟ್ಯಾಗ್ ಎಂದರೆ ಗುರುತಿನ ಪದ, ಅಷ್ಟೇ. ಹಂದರ, ಅರಿಷಿಣ, ಅಜ್ಜಿ, ಊಟದ ಪಂಕ್ತಿ. ಮುಂದೆ ಆ ಪದ ಕೊಟ್ಟರೆ ಅದು ಹಚ್ಚಿದ ಚಿತ್ರಗಳೆಲ್ಲ ಒಟ್ಟಿಗೆ ಬರುತ್ತವೆ, ಯಾರ ಮನೆಯವಾದರೂ. ಅಳು ಎಂಬ ಪದ ಹಚ್ಚುವ ಮುಂಚೆ ಸ್ವಲ್ಪ ತಡೆಯುತ್ತೇನೆ. ಅಡಿಗೆಯ ಹೊಗೆಗೂ ಕಣ್ಣಲ್ಲಿ ನೀರು ಬರುತ್ತದೆ. ಇದನ್ನು ಯಾರೂ ನನಗೆ ವಹಿಸಿಲ್ಲ. ಸಂಜೆ ಮಾಡಲು ಬೇರೆ ಏನೂ ಇರಲಿಲ್ಲ.

ಮೈನಾಬಿ ಎಂದು ಹುಡುಕಿದರೆ ಏನೂ ಬರುವುದಿಲ್ಲ. ಬಳೆ ಎಂದು ಹುಡುಕಿದರೆ ನೂರಾರು ಬರುತ್ತವೆ. ಮನೆಗೆ ಒಂದೆರಡರಂತೆ ಆಯ್ದು ಇದರೊಂದಿಗೆ ಕಳಿಸಿದ್ದೇನೆ. ನೋಡಿದರೆ ನಿಮಗೇ ತಿಳಿಯುತ್ತದೆ. ಎಲ್ಲದರಲ್ಲೂ ಮದುಮಗಳ ಮುಖವಿದೆ, ಚಾಚಿದ ಕೈಯಿದೆ, ಆ ಕೈ ಹಿಡಿದ ಇನ್ನೆರಡು ಕೈಗಳಿವೆ. ಚೌಕಟ್ಟು ಬಳೆಗಾರ್ತಿಯ ಮಣಿಕಟ್ಟಿಗೆ ಬಂದು ನಿಲ್ಲುತ್ತದೆ. ಇದು ಗಫಾರರ ಶೈಲಿ. ಬೆಳಕು ಗಾಜಿನ ಮೇಲೆ ಬೀಳುವ ಕಡೆ ಕಣ್ಣು ಹೋಗಲಿ ಎಂದು ಉಳಿದದ್ದನ್ನು ಬಿಡುತ್ತಿದ್ದರು. ಅವರ ಹತ್ತಿರ ನಾನು ಕಲಿತದ್ದರಲ್ಲಿ ಇದೂ ಒಂದು.

ಆ ಕಡೆ ಬೇರೆ ಬಳೆಗಾರರೂ ಇದ್ದರು. ಯಾವ ಕೈ ನಿಮ್ಮ ತಾಯಿಯದು ಎಂದು ಗುರುತಿಸಬಲ್ಲಿರಾ?

ಶಿವಾನಂದ


ಯಮಕನಮರಡಿ
೧೯ ಜನವರಿ ೨೦೨೫

ಶಿವಾನಂದ ಸರ್ ಅವರಿಗೆ,

ಗುರುತಿಸಿದ್ದೇನೆ. ಎಡಗೈ ಹೆಬ್ಬೆರಳ ಬುಡದಲ್ಲಿ ಗಾಜು ಹೊಕ್ಕ ಗಾಯದ ಕಲೆಯಿದೆ. ಕಲೆ ಕಾಣದ ಕಡೆ ಬೆರಳುಗಳ ಹಿಡಿತದಿಂದ ಹೇಳಿದ್ದೇನೆ. ಅವಳವು ಯಾವುವು, ಅಲ್ಲದವು ಯಾವುವು ಎಂದು ಫೈಲಿನ ನಂಬರು ಸಮೇತ ಕೆಳಗೆ ಬರೆದಿದ್ದೇನೆ.

ಶೈಲಿಯ ವಿಷಯ ನನಗೆ ತಿಳಿಯುವುದಿಲ್ಲ. ನೀವು ಕಳಿಸಿದವುಗಳಲ್ಲಿ ಡೊಳ್ಳು ಬಾರಿಸುವವನ ಮುಖವಿದೆ. ಹಂದರ ಹಾಕಿದವನ ಮುಖವಿದೆ. ಒಂದು ಕಡೆ ಆಕಳಿನ ಮುಖವೂ ಪೂರ್ತಿ ಇದೆ. ಬಳೆಗಾರ್ತಿಗೆ ಮಾತ್ರ ಕೈ. ಅಷ್ಟು ವರ್ಷ ಅಷ್ಟು ಮನೆಗಳಿಗೆ ಹೋದವಳು, ಅವಳಿಂದ ಬೇಕಾದಷ್ಟನ್ನು ಮಾತ್ರ ಅವರು ಇಟ್ಟುಕೊಂಡರು. ಗಫಾರ ಕಾಕಾ ನಮ್ಮವರೇ ಆಗಿದ್ದು ಹೀಗೆ ಮಾಡಿದ್ದು ನನಗೆ ಒಂದು ತರಹ ಅನಿಸಿತು. ಅಮ್ಮಿಗೆ ಹೇಳಿಲ್ಲ.

ನಮ್ಮ ಅಂಗಡಿಯಲ್ಲಿ ಔಷಧಿಗಳನ್ನು ಕಂಪನಿಯ ಹೆಸರಿನಂತೆ ಜೋಡಿಸಿದ್ದಾರೆ. ಬರುವವರು ಹೊಟ್ಟೆನೋವು ಎನ್ನುತ್ತಾರೆ, ಯಾರೂ ಕಂಪನಿ ಹೇಳುವುದಿಲ್ಲ. ಹಾಗೆ ನೀವು ಬಳೆ ಬಿಟ್ಟು ಬೇರೆ ಕಡೆಯಿಂದ ಹುಡುಕಿದರೆ ಸಿಗಬಹುದೇ? ಪಂಕ್ತಿಯಲ್ಲಿ, ಗುಂಪಿನಲ್ಲಿ, ಬಾಗಿಲ ಹತ್ತಿರ. ಅಲ್ಲಿ ಮುಖ ಸಿಕ್ಕರೆ ಇಲ್ಲಿನ ಕೈ ಅವಳದೇ ಎಂದು ಒಪ್ಪಿಸಲು ನೋಡುತ್ತೇನೆ. ಆಧಾರ್ ಕಾರ್ಡಿನ ಫೋಟೋ ಕಳಿಸಿದ್ದೇನೆ.

ತಸ್ಲೀಮ


ಗೋಕಾಕ
೨ ಫೆಬ್ರವರಿ ೨೦೨೫

ತಸ್ಲೀಮ ಅವರಿಗೆ,

ತಡವಾಯಿತು. ಮುಖ ಹೋಲಿಸುವ ವ್ಯವಸ್ಥೆಯೊಂದು ಈ ಸಾಫ್ಟ್‌ವೇರಿನಲ್ಲಿದೆ. ಒಂದು ಮುಖ ಕೊಟ್ಟರೆ ಅಂಥದ್ದು ಎಲ್ಲೆಲ್ಲಿದೆ ಎಂದು ಹುಡುಕುತ್ತದೆ. ನಿಮ್ಮ ತಾಯಿಯ ಆಧಾರ್ ಚಿತ್ರ ಕೊಟ್ಟು ಎಲ್ಲ ಡಿಸ್ಕುಗಳ ಮೇಲೆ ಓಡಿಸಿದೆ. ಎರಡು ದಿನ ತೆಗೆದುಕೊಂಡು ಒಬ್ಬ ಹೆಂಗಸನ್ನು ಮತ್ತೆ ಮತ್ತೆ ತೋರಿಸಿತು. ಮುತ್ತೈದೆಯರ ಸಾಲಿನಲ್ಲಿ, ತೊಟ್ಟಿಲ ಪಕ್ಕ, ಸೀಮಂತದ ಆರತಿಯಲ್ಲಿ. ಹಣೆಯ ಮೇಲೆ ದೊಡ್ಡ ಕುಂಕುಮ. ಯಂತ್ರಕ್ಕೆ ಅನುಮಾನವಿರಲಿಲ್ಲ. ನನಗಿತ್ತು.

ಫೋಲ್ಡರು ಮೇಲವಂಕಿಯದು. ಕಳೆದ ಭಾನುವಾರ ಹೋಗಿ ಬಂದೆ. ಆಕೆ ಗೌರಕ್ಕ, ನಾನು ಹಿಂದೆ ಬರೆದಿದ್ದ ಸತ್ತೆಪ್ಪನ ಹೆಂಡತಿ. ವಿಷಯ ಹೇಳಿ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು.

"ನನ್ನ ಮಾರಿ, ಮೈನಾಬಿ ಮಾರಿ ಒಂದ ಅಂತ ಹೇಳ್ತೈತೇನು ನಿಮ್ಮ ಮಶಿನ್ನು? ಅಕೀಗಿ ಹೇಳಬ್ಯಾಡ್ರಿ ಮತ್ತ. ಅಕಿ ನನಗಿಂತ ಚೆಲ್ವಿ, ಸಿಟ್ಟಾಗ್ತಾಳ."

ಚಹಾ ಕೊಟ್ಟರು. ಮೂರು ಹೆಣ್ಣುಮಕ್ಕಳ ಲಗ್ನಕ್ಕೂ ನಿಮ್ಮ ತಾಯಿಯೇ ಬಂದದ್ದಂತೆ. ನಿಮ್ಮ ತಂದೆ ಲಾರಿಯ ಮೇಲೆ ಇರುತ್ತಾರೆ ಎಂದು ಹೇಳುತ್ತಿದ್ದರಂತೆ, ಒಂದು ಸಲವೂ ಕರೆತರಲಿಲ್ಲ ಎಂದು ಗೌರಕ್ಕನ ದೂರು. ಈಗ ನಿಮ್ಮ ತಂದೆ ಹೇಗಿದ್ದಾರೆ ಎಂದು ಕೇಳಲು ಹೇಳಿದರು. ಕೇಳಿದ್ದೇನೆ.

ಇನ್ನೊಂದು ಕೆಲಸ ಮಾಡಿದ್ದೇನೆ. ನೀವು ಗುರುತಿಸಿಕೊಟ್ಟ ಎಲ್ಲ ಚಿತ್ರಗಳಿಗೆ ಮೈನಾಬಿ ಎಂದು ಟ್ಯಾಗ್ ಹಚ್ಚಿದೆ. ಈ ತಿಂಗಳಿಂದ ನನ್ನ ಪುಟ ಎಲ್ಲರಿಗೂ ತೆರೆದಿದೆ. ಈ ಭಾಗದ ಯಾರು ಬೇಕಾದರೂ ತಮ್ಮ ಮನೆಯ ಚಿತ್ರ ಹುಡುಕಿಕೊಳ್ಳಬಹುದು. ನಿಮ್ಮ ತಾಯಿಯ ಹೆಸರು ಈಗ ಮೂವತ್ತಕ್ಕೂ ಹೆಚ್ಚು ಮನೆಗಳಲ್ಲಿ ಸಿಗುತ್ತದೆ. ಮುಖ ಸಿಗದಿದ್ದರೂ ಇಷ್ಟಾದರೂ ನ್ಯಾಯ ಎನಿಸಿತು. ಕೊಂಡಿ ಕೆಳಗಿದೆ.

ಶಿವಾನಂದ


ಯಮಕನಮರಡಿ
೬ ಫೆಬ್ರವರಿ ೨೦೨೫

ಶಿವಾನಂದ ಸರ್ ಅವರಿಗೆ,

ಮೇಲವಂಕಿಗೆ ಹೋಗಿದ್ದಕ್ಕೆ ಉಪಕಾರವಾಯಿತು. ಗೌರಕ್ಕನ ಮಾತು ಓದಿ ಹೇಳಿದೆ. ಅಮ್ಮಿ ತುಂಬ ದಿನದ ಮೇಲೆ ನಕ್ಕಳು. ಮನೆಯಲ್ಲಿ ನಾವು ಉರ್ದುವಿನಲ್ಲಿ ಮಾತಾಡುತ್ತೇವೆ, ಬಳೆಯ ಸುದ್ದಿ ಬಂದರೆ ಮಾತ್ರ ಅವಳು ಕನ್ನಡಕ್ಕೆ ಹೊರಳುತ್ತಾಳೆ. "ಅಕಿ ಕೈ ಭಾಳ ಬಿರುಸು. ಬಳಿ ಏರಿಸೂದ್ರಾಗ ನನಗ ಬೆವರ ಬರ್ತಿತ್ತು" ಎಂದಳು.

ತಂದೆಯ ವಿಷಯದಲ್ಲಿ ಗೌರಕ್ಕ ಬೇರೆ ಯಾರನ್ನೋ ಬೆರೆಸಿಕೊಂಡಿರಬೇಕು. ನನ್ನ ತಂದೆ ಹುಕ್ಕೇರಿಯವರು, ಲಾರಿ ಓಡಿಸುತ್ತಿದ್ದದ್ದು ನಿಜ. ನನಗೆ ಮೂರು ವರ್ಷವಿದ್ದಾಗ ತೀರಿಕೊಂಡರು. ಅದಾದ ಮೇಲೆಯೇ ಅಮ್ಮಿ ನನ್ನನ್ನು ಎತ್ತಿಕೊಂಡು ಮೂಡಲಗಿಗೆ ಬಂದು ಬಳೆಯ ಕಸುಬು ಹಿಡಿದದ್ದು.

ಈಗ ಮುಖ್ಯ ವಿಷಯ. ಇದನ್ನೆಲ್ಲ ಮಾಡುತ್ತಿರುವವರು ಯಾರು ಎಂದು ಅಮ್ಮಿ ಕೇಳಿದಳು. ಗಫಾರ ಕಾಕಾರ ಹತ್ತಿರ ಇದ್ದ ಶಿವಾನಂದ ಎಂದೆ. ಅದಕ್ಕೆ, "ಅಂವನ ಏನು? ಅಂವನ ಹೇಣ್ತಿಗೆ ಬಳಿ ಇಟ್ಟಾಕಿ ನಾನ" ಎಂದಳು. ಆ ಲಗ್ನದಲ್ಲಿ ಗಫಾರ ಕಾಕಾ ಕ್ಯಾಮೆರಾ ಹಿಡಿಯಲಿಲ್ಲವಂತೆ, ನಿಮ್ಮ ಕಡೆಯ ಹಿರಿಯರಾಗಿ ನಿಂತಿದ್ದರಂತೆ. ಮದುಮಗಳ ತಮ್ಮ ಸುನೀಲ ಎಂಬುವವರು ಫೋಟೋ ತೆಗೆದರಂತೆ. ಎದುರಿಗೇ ಬಂದು ಕೂತು ತೆಗೆದ, ಬ್ಯಾಡ ಅಂದ್ರೂ ಕೇಳಲಿಲ್ಲ ಎಂದಳು.

ಹಾಗಿದ್ದರೆ ಅವಳ ಮುಖವಿರುವ ಚಿತ್ರ ನಿಮ್ಮ ಹತ್ತಿರವೇ ಇದೆ. ಎಲ್ಲ ಡಿಸ್ಕುಗಳ ಮೇಲೆ ಓಡಿಸಿದೆ ಎಂದು ಬರೆದಿದ್ದೀರಿ. ಅದು ಯಾಕೆ ಬರಲಿಲ್ಲ?

ತಸ್ಲೀಮ


ಗೋಕಾಕ
೮ ಫೆಬ್ರವರಿ ೨೦೨೫

ತಸ್ಲೀಮ ಅವರಿಗೆ,

ಇಂಥದ್ದನ್ನು ನೋಡಬೇಡ ಎಂದು ಸಾಫ್ಟ್‌ವೇರಿಗೆ ಹೇಳಲು ಅವಕಾಶವಿದೆ. ಆ ಫೋಲ್ಡರು ಅಂಥದ್ದು. ಎಲ್ಲ ಡಿಸ್ಕುಗಳು ಎಂದು ಬರೆದದ್ದು ಪೂರ್ತಿ ಸರಿಯಲ್ಲ.

ಅದರಲ್ಲಿರುವ ಚಿತ್ರಗಳು ನನ್ನೊಬ್ಬನವಲ್ಲ. ಕೊಡಲಾಗುವುದಿಲ್ಲ. ಗೌರಕ್ಕನಂಥವರು ನಾಲ್ಕು ಜನ ಬರೆದು ಸಹಿ ಮಾಡಿಕೊಟ್ಟರೆ ಕಚೇರಿ ಒಪ್ಪುತ್ತದೆಯೇ, ವಿಚಾರಿಸಿ.

ಶಿವಾನಂದ


ಯಮಕನಮರಡಿ
೨೦ ಫೆಬ್ರವರಿ ೨೦೨೫

ಮಾನ್ಯರೇ,

ಕಚೇರಿಯಲ್ಲಿ ವಿಚಾರಿಸಿದೆ. ಸಹಿ ನಡೆಯುವುದಿಲ್ಲ, ಫೋಟೋವೇ ಬೇಕು.

ನಿಮ್ಮ ಹಿಂದಿನ ಪತ್ರಕ್ಕೆ ಅವತ್ತೇ ಒಂದು ಉತ್ತರ ಬರೆದಿದ್ದೆ. ನಿಮ್ಮ ಮನೆಯ ಮದುಮಗಳ ಪಕ್ಕ ಕೂತ ಬಳೆಗಾರ್ತಿಯ ಮುಖ ಸರಕಾರಿ ಕಾಗದಕ್ಕೆ ಅಂಟುವುದು ನಿಮಗೆ ಸರಿಬರಲಿಲ್ಲ, ಅದನ್ನು ಹೇಳಲು ಇಷ್ಟು ಸುತ್ತಿ ಬಂದಿರಿ ಎಂದು ಅದರಲ್ಲಿತ್ತು. ಕಳಿಸಲಿಲ್ಲ. ಆಮೇಲೆ ತೌಫೀಕನಿಗೆ ಫೋನ್ ಮಾಡಿದೆ. ನಿಮ್ಮ ಶ್ರೀಮತಿಯವರು ಬಹಳ ವರ್ಷಗಳಿಂದ ಹುಕ್ಕೇರಿಯಲ್ಲಿ ಬೇರೆ ಇದ್ದಾರೆ ಎಂದ. ಅದನ್ನು ನೀವು ಬರೆಯಬೇಕಿತ್ತು ಎಂದು ಹೇಳುತ್ತಿಲ್ಲ.

ಈ ಪತ್ರ ಬೇರೆ ಕಾರಣಕ್ಕೆ. ಅಮ್ಮಿಗೆ ಸಮಾಧಾನವಾಗಲಿ ಎಂದು ಮೊನ್ನೆ ನಿಮ್ಮ ಪುಟ ತೆರೆದು ಮೊಬೈಲ್ ಅವಳ ಕೈಗೆ ಕೊಟ್ಟೆ. ಒಂದೊಂದು ಚಿತ್ರದ ಕೆಳಗೂ ಅವಳ ಹೆಸರು. ಓದಲು ಬರುವುದಿಲ್ಲ, ಆದರೆ ತನ್ನ ಹೆಸರಿನ ಅಕ್ಷರ ಗುರುತಿಸುತ್ತಾಳೆ. ಇದನ್ನು ಯಾರ್ಯಾರು ನೋಡುತ್ತಾರೆ ಎಂದು ಕೇಳಿದಳು. ಯಾರು ಬೇಕಾದರೂ ಎಂದೆ. ಮೊಬೈಲ್ ಕೆಳಗಿಟ್ಟಳು.

ಆಗ ಮಾತಿಗೆ ಮಾತು ಬಂದು, ಗಫಾರ ಕಾಕಾ ನಿನ್ನನ್ನು ಮನುಷ್ಯಳಂತೆ ಕಾಣಲಿಲ್ಲ, ಬರೀ ಕೈ ತೆಗೆದ ಎಂದುಬಿಟ್ಟೆ.

"ನಾನ ಹೇಳಿದ್ನಿ ಗಫಾರಗ. ಕೈ ಅಷ್ಟ ತಗಿಯಪ್ಪಾ, ಮಾರಿ ಬ್ಯಾಡ ಅಂತ. ಯಾಕ ಅಂತ ಅಂವಾ ಒಮ್ಮೆನೂ ಕೇಳ್ಲಿಲ್ಲ."

ಉಳಿದದ್ದನ್ನು ಬಿಡಿಬಿಡಿಯಾಗಿ ಹೇಳಿದಳು, ನಾನು ಕೂಡಿಸಿ ಬರೆಯುತ್ತಿದ್ದೇನೆ. ಮೂಡಲಗಿಗೆ ಬಂದಾಗ ತನ್ನ ಗಂಡ ಸತ್ತಿದ್ದಾನೆ ಎಂದು ಅವಳು ಯಾರಿಗೂ ಹೇಳಲಿಲ್ಲ. ನಮ್ಮಲ್ಲೂ ಗಂಡ ತೀರಿದವಳು ಗಾಜಿನ ಬಳೆ ಇಡುವುದಿಲ್ಲ. ಇನ್ನು ಲಗ್ನದ ಮನೆಗಳಲ್ಲಿ ಮದುಮಗಳಿಗೆ ಬಳೆ ಇಡಲು ಅಂಥವಳನ್ನು ಕರೆಯುವವರು ಯಾರು? ಗಂಡ ಲಾರಿಯ ಮೇಲಿದ್ದಾನೆ ಎಂದಳು. ಕೈತುಂಬ ಬಳೆ ಇಟ್ಟುಕೊಂಡೇ ಇದ್ದಳು. ಅದನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ, ಕಸುಬಿನವಳು, ಇಟ್ಟುಕೊಳ್ಳುತ್ತಾಳೆ ಎಂದಷ್ಟೇ ತಿಳಿದಿದ್ದೆ. ಆಲ್ಬಮ್ಮುಗಳು ಬೀಗರ ಮನೆಗಳಿಗೆ ಹೋಗುತ್ತವೆ, ಹುಕ್ಕೇರಿ ಕಡೆಯ ಬೀಗರೂ ಇರುತ್ತಾರೆ. ಮುಖ ಕಂಡು ಒಬ್ಬರು, ಇವಳ ಗಂಡ ಯಾವಾಗಲೋ ಸತ್ತಿದ್ದಾನಲ್ಲ ಎಂದರೆ ಮುಗಿಯಿತು. ಗೌರಕ್ಕ ಯಾರನ್ನೂ ಬೆರೆಸಿಕೊಂಡಿರಲಿಲ್ಲ.

ಒಂದು ಸಲ ಮಾತ್ರ ಮುಖ ಸಿಕ್ಕಿಬಿದ್ದಿತ್ತು, ನಿಮ್ಮ ಲಗ್ನದಲ್ಲಿ. ಆ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳಿದಳು. ಬೇರೆ ಇದ್ದಾಳೆ ಎಂದೆ. ಹೇಳಬಾರದಿತ್ತು.

"ಹಂಗಾರ ನನ್ನ ಕೈಲೆ ಆತು" ಎಂದಳು. ಅಂದಿನಿಂದ ಫೋಟೋದ ವಿಷಯ ಎತ್ತಿದರೆ ಬ್ಯಾಡ ಎನ್ನುತ್ತಾಳೆ. ಅರ್ಜಿಯನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಅದರಲ್ಲಿ ವಿಧವೆ ಎಂದು ನಾನೇ ತುಂಬಿದ್ದೆ.

ಫೋಟೋ ಬೇಡ. ಆ ಹೆಸರನ್ನು ಎಲ್ಲ ಚಿತ್ರಗಳಿಂದ ತೆಗೆಯಿರಿ. ಬೇಗ.

ತಸ್ಲೀಮ


ಗೋಕಾಕ
೨೧ ಫೆಬ್ರವರಿ ೨೦೨೫

ತಸ್ಲೀಮ ಅವರಿಗೆ,

ತೆಗೆದಿದ್ದೇನೆ. ಹಚ್ಚಲು ಒಂದು ಸಂಜೆ ಹಿಡಿದಿತ್ತು, ತೆಗೆಯಲು ಒಂದೇ ಆಜ್ಞೆ ಸಾಕಾಯಿತು.

ಯಾರು ಯಾವ ಪದ ಹುಡುಕಿದರು ಎಂಬುದು ಇಲ್ಲಿ ದಾಖಲಾಗುತ್ತದೆ. ಮೈನಾಬಿ ಎಂಬ ಹೆಸರನ್ನು ಹುಡುಕಿದವರು ಒಬ್ಬರೇ, ಯಮಕನಮರಡಿಯಿಂದ. ಜನ ತಮ್ಮ ಮನೆಯ ಹೆಸರನ್ನು ಮಾತ್ರ ಹುಡುಕುತ್ತಾರೆ. ಇದನ್ನು ನಿಮ್ಮ ತಾಯಿಗೆ ಹೇಳಬಹುದು.

ಗಫಾರರದು ಶೈಲಿ ಎಂದು ಬರೆದಿದ್ದೆ. ಹತ್ತಾರು ವರ್ಷ ಅವರ ಪಕ್ಕ ನಿಂತು ಆ ಚೌಕಟ್ಟು ನೋಡಿದ್ದೇನೆ, ಹೊಸ ಹುಡುಗರಿಗೆ ಕಲಿಸಿದ್ದೇನೆ ಕೂಡ. ಅವರು ಒಬ್ಬರ ಮಾತು ಉಳಿಸುತ್ತಿದ್ದರು, ನಾನು ಅಲ್ಲಿ ಬೆಳಕು ನೋಡುತ್ತಿದ್ದೆ.

ಅರ್ಜಿ ಹರಿಯಬೇಡಿ. ಕೆಲವು ದಿನ ಕೊಡಿ.

ಶಿವಾನಂದ


ಗೋಕಾಕ
೯ ಮಾರ್ಚ್ ೨೦೨೫

ತಸ್ಲೀಮ ಅವರಿಗೆ,

ನಿನ್ನೆ ಹುಕ್ಕೇರಿಗೆ ಹೋಗಿದ್ದೆ. ನನ್ನ ಹೆಂಡತಿ ರಾಧಿಕಾ ಅಲ್ಲಿ ಪ್ರಾಥಮಿಕ ಸಾಲಿಯಲ್ಲಿ ಕಲಿಸುತ್ತಾಳೆ. ಬರುತ್ತೇನೆ ಎಂದು ತಿಳಿಸಿರಲಿಲ್ಲ. ತಿಳಿಸಿದ್ದರೆ ನಾನೇ ಹೋಗುತ್ತಿರಲಿಲ್ಲ.

ಆ ಫೋಲ್ಡರನ್ನು ಹಿಂದಿನ ವಾರ ತೆರೆದೆ. ನಿಮ್ಮ ತಾಯಿ ಹೇಳಿದ್ದು ಸರಿ. ಸುನೀಲನಿಗೆ ಕ್ಯಾಮೆರಾ ಹೊಸದು, ಎಲ್ಲವನ್ನೂ ಎದುರಿನಿಂದ ತೆಗೆದಿದ್ದಾನೆ. ಒಂದು ಚಿತ್ರದಲ್ಲಿ ಬೇಕಾದದ್ದೆಲ್ಲ ಇದೆ. ನಿಮ್ಮ ತಾಯಿ ಕಣ್ಣೆತ್ತಿ ಏನೋ ಹೇಳುತ್ತಿದ್ದಾರೆ, ಕೈಗಳು ತಮ್ಮಷ್ಟಕ್ಕೆ ಬಳೆ ಏರಿಸುತ್ತಿವೆ. ರಾಧಿಕಾ ಹಿಂದಕ್ಕೆ ವಾಲಿ ನಗುತ್ತಿದ್ದಾಳೆ. ನಾನು ಅದರಲ್ಲಿಲ್ಲ.

ಎರಡು ಪ್ರತಿ ತೆಗೆಸಿ ಒಯ್ದಿದ್ದೆ. ಒಂದು ಇಡಿಯದು. ಇನ್ನೊಂದರಲ್ಲಿ ರಾಧಿಕಾಳನ್ನು ಮಣಿಕಟ್ಟಿನವರೆಗೆ ಕತ್ತರಿಸಿದ್ದೆ. ಕಚೇರಿಗೆ ಅಷ್ಟು ಸಾಕು, ಅವಳಿಗೂ ತೊಂದರೆಯಿಲ್ಲ ಎಂದು ನನ್ನ ತರ್ಕ.

ಸಾಲಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದೆ. ನನ್ನನ್ನು ನೋಡಿ ಜೊತೆಯವರನ್ನು ಮುಂದೆ ಕಳಿಸಿದಳು. ಫೋಟೋದ ಮಾತು ತೆಗೆದೆ.

"ಇಷ್ಟ ವರ್ಷ ಆದ ಮ್ಯಾಲ ಬಂದದ್ದು ಫೋಟೋ ಕೇಳಾಕೇನ್ರಿ?"

ಫೋಟೋ ನನ್ನ ಹತ್ತಿರ ಇದೆ, ಒಪ್ಪಿಗೆ ಕೇಳಲು ಬಂದೆ ಎಂದೆ. ನೀವು ಯಾವತ್ತೂ ಹೀಗೆಯೇ, ಒಂದೊಂದಕ್ಕೂ ಬೇರೆ ಬೇರೆ ಹೆಸರು ಹಚ್ಚಿ ಇಡುವವರು ಎಂದಳು. ಸಿಟ್ಟು ಇರಲಿಲ್ಲ. ಹವಾಮಾನದ ಬಗ್ಗೆ ಹೇಳುವಂತೆ ಹೇಳಿದಳು.

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ನಿಮ್ಮ ತಾಯಿ ಏನು ಅಂದುಕೊಂಡಿದ್ದಾರೆ ಎಂಬುದನ್ನು ಅವಳಿಗೆ ಹೇಳಿದೆ. ಗಂಡ ಸತ್ತವಳು ಇಟ್ಟ ಬಳೆ, ಅದಕ್ಕೆ ಹೀಗಾಯಿತು ಎಂಬುದನ್ನು. ಅವಳು ನಂಬಬಹುದೇ ಎಂಬ ಹೆದರಿಕೆಯೂ ನನಗಿತ್ತು. ಅವಳ ತಾಯಿ ಇದ್ದಿದ್ದರೆ ನಂಬುತ್ತಿದ್ದರು. ರಾಧಿಕಾ ಗೇಟಿನ ಚಿಲಕ ಹಾಕಿದಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನಿಮ್ಮ ತಾಯಿಗೆ ಓದಿ ಹೇಳಿ.

"ಸಂಸಾರ ಮುರದಾವ್ರು ನಾವಿಬ್ರು. ಅದರಾಗ ಆ ಬಳಿಗಾರ್ತಿಗೆ ಪಾಲು ಕೊಡಬ್ಯಾಡ್ರಿ. ಅಷ್ಟಾದ್ರೂ ನಮ್ದು ನಮ್ಮದ ಇರ್ಲಿ."

ಪ್ರತಿಗಳನ್ನು ಕೊಟ್ಟೆ. ಕತ್ತರಿಸಿದ್ದನ್ನು ಮೊದಲು ನೋಡಿದಳು. "ನನ್ನ ಕೈ ಅಷ್ಟ ಇಟ್ಟೀರಿ" ಎಂದು ಅದನ್ನು ನನಗೆ ವಾಪಸು ಕೊಟ್ಟಳು. ಇಡಿಯದನ್ನು ಬಹಳ ಹೊತ್ತು ನೋಡಿದಳು. ಆಗ ಬಳೆಗಾರ್ತಿ ಏನು ಹೇಳುತ್ತಿದ್ದಳು ಎಂದು ಕೇಳಿದೆ. ನೆನಪಿದೆ, ನಿಮಗೆ ಹೇಳುವಂಥದ್ದಲ್ಲ ಎಂದಳು. ಇಡಿಯದನ್ನೇ ಕೊಡಲು ಹೇಳಿದಳು.

ಅದನ್ನು ಇದರೊಂದಿಗೆ ಕಳಿಸಿದ್ದೇನೆ. ಅದಕ್ಕೆ ಯಾವ ಪದವನ್ನೂ ಹಚ್ಚಿಲ್ಲ. ಪುಟದಲ್ಲಿ ಹಾಕಿಲ್ಲ, ಹಾಕುವುದಿಲ್ಲ. ಕೊಡುವುದು ಬಿಡುವುದು ನಿಮ್ಮ ತಾಯಿಗೆ ಬಿಟ್ಟದ್ದು.

ಶಿವಾನಂದ


ಯಮಕನಮರಡಿ
೩೦ ಮಾರ್ಚ್ ೨೦೨೫

ಶಿವಾನಂದ ಸರ್ ಅವರಿಗೆ,

ಉತ್ತರ ತಡವಾಯಿತು. ರಾಧಿಕಾ ಅವರಿಗೆ ಹೇಳಿದ್ದಕ್ಕೆ ಮೊದಲು ಬೇಸರವಾಯಿತು. ಅವರ ಮಾತನ್ನು ಎರಡು ದಿನ ಅಮ್ಮಿಗೆ ಓದಿ ಹೇಳಲಿಲ್ಲ. ಆಮೇಲೆ ಓದಿ ಹೇಳಿದೆ. ಫೋಟೋ ನೋಡಬೇಕೇ ಎಂದೆ, ಬೇಡ ಎಂದಳು. ಪ್ರಿಂಟ್ ಹಾಕಿಸಿ ಗೋಡೆಯ ಗೂಡಿನಲ್ಲಿ ಬೋರಲು ಇಟ್ಟಿದ್ದೆ. ರಂಜಾನಿನ ರೋಜೆ ಶುರುವಾಗಿತ್ತು. ಮನೆಯ ಕೆಲಸ ಹಾಗೇ ನಡೆಯಿತು. ಒಂದು ದಿನ ಅದು ಅಂಗಾತ ಇತ್ತು.

ಕೊನೆಯ ವಾರದಲ್ಲಿ ತಾನೇ ಟ್ರಂಕಿನಿಂದ ಅರ್ಜಿ ತೆಗೆದು, ಮೂಡಲಗಿಗೆ ಹೋಗೋಣ ಎಂದಳು. ನಾನೊಬ್ಬಳೇ ಕೊಟ್ಟು ಬರುತ್ತೇನೆ ಎಂದರೂ ಒಪ್ಪಲಿಲ್ಲ. ಮೊನ್ನೆ ಶುಕ್ರವಾರ ನನ್ನ ಗಂಡ ಬಸ್ಸಿಗೆ ಹತ್ತಿಸಿದರು.

ಕಚೇರಿಯಲ್ಲಿ ಸಾಲು ಉದ್ದವಿತ್ತು. ಹೆಚ್ಚಿನವರು ಮೂಡಲಗಿ ಮತ್ತು ಸುತ್ತಲ ಹಳ್ಳಿಯ ಹೆಂಗಸರು. ಕೆಲವರು ಅಮ್ಮಿಯನ್ನು ಗುರುತಿಸಿ ಮಾತಾಡಿಸಿದರು. ಬಳಿ ಬಿಟ್ಟೇನಬೇ, ಈಗೆಲ್ಲ ಪ್ಲಾಸ್ಟಿಕ್ ಇಡಾಕತ್ತೇವಿ ಎಂದು ನಗೆಯಾಡಿದರು. ನನಗೆ ಸಾಲು ಬಿಟ್ಟು ಹೊರಟುಬಿಡಬೇಕು ಎನಿಸಿತು. ಇವರೆಲ್ಲರ ಮುಂದೆ ಅರ್ಜಿ ಓದುತ್ತಾರೆ ಎಂದು ನಾನು ಯೋಚಿಸಿರಲಿಲ್ಲ.

ಮೇಜಿನ ಹಿಂದೆ ಇದ್ದವರು ಆಮ್ರಪಾಲಿ ಎಂಬ ಹೆಂಗಸು. ಕೆಟ್ಟವರೇನಲ್ಲ, ಕೆಲಸ ಜಾಸ್ತಿ. ಕಾಗದಗಳನ್ನು ಒಂದೊಂದಾಗಿ ನೋಡಿ, ಫೋಟೋವನ್ನು ಬೆಳಕಿಗೆ ಹಿಡಿದು, ಅರ್ಜಿಯ ಮೇಲೆ ಬೆರಳಿಟ್ಟರು.

"ಇದರಾಗ ವಿಧವೆ ಅಂತ ಬರದೀರಿ. ಗಂಡ ತೀರಿದ್ದು ಭಾಳ ಹಿಂದ. ಫೋಟೋದಾಗ ನೋಡಿದ್ರ ಕೈತುಂಬ ಬಳಿ ಅದಾವಲ್ರಿ?"

ಹಿಂದೆ ಸಾಲಿನಲ್ಲಿದ್ದವರು ಹತ್ತಿರ ಸರಿದರು. ಬರೆಯುವಾಗ ತಪ್ಪಾಗಿದೆ ಎಂದು ನಾನು ಬಾಯಿ ತೆರೆದಿದ್ದೆ. ಅಮ್ಮಿ ನನ್ನ ಮುಂಗೈ ಒತ್ತಿ ಹಿಡಿದಳು.

"ಬಳಿ ಮಾರಾಕಿ ಬರಿಗೈಲೆ ಹೋದ್ರ ಯಾರವ್ವಾ ಕೈ ಚಾಚ್ತಾರ? ಗಂಡ ಸತ್ತಿದ್ದ. ಹೊಟ್ಟಿ ಸತ್ತಿರಲಿಲ್ಲ."

ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಕೊನೆಯವರೆಗೆ ಕೇಳಿಸುವಷ್ಟಿತ್ತು. ಆಮ್ರಪಾಲಿಯವರು ಸ್ವಲ್ಪ ಹೊತ್ತು ಅವಳ ಮುಖವನ್ನೂ ಫೋಟೋವನ್ನೂ ನೋಡಿದರು, ಹೋಲುತ್ತದೆಯೇ ಎಂದು ನೋಡುವಂತೆ. ಆಮೇಲೆ ಅರ್ಜಿಯ ಮೇಲೆ ಶಿಕ್ಕಾ ಹೊಡೆದು, ಜೂನ್‌ನಲ್ಲಿ ಬಂದು ವಿಚಾರಿಸಿ ಎಂದರು. ಬರುತ್ತದೋ ಇಲ್ಲವೋ ಗೊತ್ತಿಲ್ಲ.

ನಾವು ಹೊರಗೆ ಬರುವಾಗ ಸಾಲಿನಲ್ಲಿದ್ದ ಉದ್ದವ್ವ ಎಂಬ ಮುದುಕಿ, "ನನ್ನ ಸೊಸಿಗೂ ಇಕಿನ ಬಳಿ ಇಟ್ಟಾಳ" ಎಂದು ಪಕ್ಕದವಳಿಗೆ ಹೇಳಿದಳು. ದೂರಿನಂತೆ ಹೇಳಿದಳೋ, ಸುಮ್ಮನೆ ಹೇಳಿದಳೋ ನನಗೆ ತಿಳಿಯಲಿಲ್ಲ. ಅಮ್ಮಿಗೂ ಕೇಳಿಸಿತು. ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ನಿಮ್ಮ ಪುಟವನ್ನು ಮತ್ತೆ ತೆರೆಯಲು ಹೇಳಿದಳು. ಹೆಸರು ಎಲ್ಲಿ ಹೋಯಿತು ಎಂದು ಕೇಳಿದಳು. ನಿನಗೆ ಬೇಡವಾಯಿತೆಂದು ನಾನೇ ತೆಗೆಸಿದೆ ಎಂದೆ. ಈಗ ಹಚ್ಚಬಹುದು ಎಂದು ನಿಮಗೆ ತಿಳಿಸಲು ಹೇಳಿದ್ದಾಳೆ. ನಿಮ್ಮ ಮನೆಯ ಫೋಟೋ ಬೇಡ, ಅದು ಆ ಹುಡುಗಿಯದು ಎಂದಳು. ಉಳಿದವುಗಳಿಗೆ ಹಚ್ಚಿ.

ಆದರೆ ಎರಡನ್ನು ಬಿಡಬೇಕು. ನಾನು ಗುರುತಿಸಿಕೊಟ್ಟದ್ದರಲ್ಲಿ ತಪ್ಪಾಗಿದೆಯಂತೆ. ಸಂಕೇಶ್ವರ ರಸ್ತೆಯಲ್ಲಿ ಬಸ್ಸು ಕುಲುಕುತ್ತಿದ್ದಾಗ ಚಿತ್ರಗಳನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿ ಹೇಳಿದಳು. ಆ ಎರಡರಲ್ಲಿ ಮದುಮಗಳ ತೊಡೆಯ ಮೇಲೆ ಗಾಜಿನ ಚೂರು ಬಿದ್ದಿದೆ. ನಾನಾಗಲಿ ನೀವಾಗಲಿ ಅದನ್ನು ನೋಡಿರಲಿಲ್ಲ. ಇಷ್ಟು ಬಳೆ ಒಡೆದವಳು ಯಾರೋ ಕಲಿಯುವಾಕೆ ಎಂದಳು. ಫೈಲಿನ ನಂಬರು ಕೆಳಗಿದೆ. ಅವಕ್ಕೆ ತನ್ನ ಹೆಸರು ಬ್ಯಾಡವಂತೆ.

ತಸ್ಲೀಮ